ಜಾನ್ ಲೋಗೀ ಬೇರ್ಡನೂ ಆತನ ಪೆಟ್ಟಿಗೆಯೂ

ಅಂಚೆಚೀಟಿ ಕೂಡಿಡುವವರುಂಟು, ಹಳೆಯ ನಾಣ್ಯ ಕೂಡಿಡುವವರುಂಟು. ಗಡಿಯಾರದ ಹುಚ್ಚಿನವರೂ ನಮಗೆ ಅಪರಿಚಿತರಲ್ಲ. ಆದರೆ ಹಳೆಯ ಟೆಲಿವಿಷನ್ ಪೆಟ್ಟಿಗೆಗಳನ್ನು ಹುಡುಕಿ ತಂದು, ಧೂಳು ಕೊಡವಿ, ಕೆಟ್ಟುದನ್ನು ತಿದ್ದಿ, ಅವು ಹುಟ್ಟಿದ ದಿನದಂತೆ ಮತ್ತೆ ಬೆಳಗುವ ಹಾಗೆ ಮಾಡುವುದನ್ನೇ ಹವ್ಯಾಸವಾಗಿಸಿಕೊಂಡವರೂ ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳಲ್ಲಿದ್ದಾರೆ ಎಂದರೆ ಕೆಲವರಿಗೆ ನಗು ಬಂದೀತು. ಹಳೆಯ ವೀಣೆಯನ್ನು ಇಟ್ಟುಕೊಂಡರೆ ತಂತಿ ಬಿಗಿದು ನುಡಿಸಬಹುದು. ಹಳೆಯ ಗಡಿಯಾರವನ್ನು ಇಟ್ಟುಕೊಂಡರೆ ಕೀಲಿ ಕೊಟ್ಟು ಗಂಟೆ ಕೇಳಬಹುದು. ಟೆಲಿವಿಷನ್ ಪೆಟ್ಟಿಗೆಯ ಪಾಡು ಹಾಗಲ್ಲ. ಎಲ್ಲಿಯೋ ಒಂದು ಕಡೆ ಯಾರೋ ಚಿತ್ರವನ್ನು ಕಳುಹಿಸುತ್ತಿದ್ದರೆ ಮಾತ್ರ ಅದಕ್ಕೆ ಜೀವ. ಕಳುಹಿಸುವವನು ನಿಲ್ಲಿಸಿದ ದಿನ, ಪೆಟ್ಟಿಗೆಯಲ್ಲಿ ಒಂದು ತಿರುಪೂ ಸಡಿಲವಾಗದಿದ್ದರೂ, ಅದು ಕುರುಡಾಗುತ್ತದೆ.

ಈ ಹವ್ಯಾಸಿಗಳು ಕಂಡರೆ ಕಣ್ಣಿಗೊತ್ತಿಕೊಳ್ಳುವ ಪೆಟ್ಟಿಗೆಯೊಂದಿದೆ. ಹೆಸರು ಟೆಲಿವೈಸರ್. 1930ರಲ್ಲಿ ಲಂಡನ್ನಿನ ಮಾರುಕಟ್ಟೆಗೆ ಬಂದ ಈ ಪೆಟ್ಟಿಗೆಗಳು ತಯಾರಾದದ್ದು ಸುಮಾರು 1000. ಕಂದು ಬಣ್ಣದ ತಗಡಿನ ಕವಚ, ಮೇಲೆ ಕಮಾನಿನಂತೆ ಬಾಗಿದ ಬೆನ್ನು, ಬಲಗಡೆ ಒಂದು ಚಿಕ್ಕ ಕಿಂಡಿ. ಒಳಗೆ ಬಿರ್ರನೆ ತಿರುಗುವ ಒಂದು ತಟ್ಟೆ. ಐದೇ ವರ್ಷಗಳಲ್ಲಿ, ಅಂದರೆ 1935ರ ಸೆಪ್ಟೆಂಬರಿನಲ್ಲಿ, ಇದಕ್ಕೆ ಬರುತ್ತಿದ್ದ ಪ್ರಸಾರವೇ ನಿಂತುಹೋಯಿತು. ಹೀಗೆ ಎಳೆಯ ಪ್ರಾಯದಲ್ಲೇ ಕುರುಡಾದ ಯಂತ್ರವೊಂದು ಇಂದೂ ಕೆಲವರ ಮನೆಗಳಲ್ಲಿ ಕಣ್ಣು ಬಿಡುತ್ತಿದೆ. ಅದು ಹೇಗೆಂಬುದನ್ನು ಅರಿಯಬೇಕಾದರೆ ಅದನ್ನು ಮಾಡಿದವನ ಬಾಳನ್ನು ಅರಿಯಬೇಕು. ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗೆ ಯಂತ್ರಗಳ ಗೊಡವೆ ಏಕೆ ಎಂದು ವಾಚಕರು ಪುಟ ತಿರುವಬಾರದು; ಈ ಕಥೆಯಲ್ಲಿ ಯಂತ್ರಕ್ಕಿಂತ ಮನುಷ್ಯನೇ ಹೆಚ್ಚು.

ಸ್ಕಾಟ್ಲೆಂಡಿನ ಪಡುವಣ ತೀರದಲ್ಲಿ, ಕ್ಲೈಡ್ ನದಿಯು ಅಗಲವಾಗಿ ಹರಡಿ ಕಡಲನ್ನು ಸೇರುವೆಡೆಯಲ್ಲಿ, ಹೆಲೆನ್ಸ್‌ಬರೋ ಎಂಬ ಊರಿದೆ. ಅಲ್ಲಿಯ ಚರ್ಚಿನ ಪಾದ್ರಿಯ ಮನೆಯಲ್ಲಿ 1888ನೆಯ ಇಸವಿ ಆಗಸ್ಟ್ 13ರಂದು ಜಾನ್ ಲೋಗೀ ಬೇರ್ಡ್ ಹುಟ್ಟಿದನು. ನಾಲ್ವರು ಮಕ್ಕಳಲ್ಲಿ ಕಿರಿಯವನು. ಎಳವೆಯಲ್ಲೇ ಕಠಿಣ ಕಾಯಿಲೆಯೊಂದು ಬಂದು ಹೋಯಿತು. ಅಂದಿನಿಂದ ಕೊನೆಯವರೆಗೂ ಚಳಿಗಾಲ ಬಂದಿತೆಂದರೆ ನೆಗಡಿ, ಕೆಮ್ಮು, ಜ್ವರ ಆತನನ್ನು ಬಿಟ್ಟುದಿಲ್ಲ. ಮೈ ದುರ್ಬಲವಾದರೂ ಕೈ ಸುಮ್ಮನಿರುತ್ತಿರಲಿಲ್ಲ. ಊರಿನಲ್ಲಿ ವಿದ್ಯುದ್ದೀಪ ಅಪರೂಪವಾಗಿದ್ದಾಗಲೇ ಹುಡುಗನು ತಾನೇ ಯಂತ್ರ ಹೂಡಿ ತಂದೆಯ ಮನೆಗೆ ಬೆಳಕು ತಂದನು. ತನ್ನ ಮನೆಯಿಂದ ಬೀದಿಯಾಚೆಯ ಗೆಳೆಯರ ಮನೆಗಳಿಗೆ ತಂತಿ ಎಳೆದು ಸ್ವಂತ ಟೆಲಿಫೋನನ್ನೂ ಏರ್ಪಡಿಸಿದನು. ಒಂದು ಬಿರುಗಾಳಿಯ ರಾತ್ರಿ ಆ ತಂತಿ ಜೋತುಬಿದ್ದು, ಕುದುರೆಗಾಡಿ ಹೊಡೆದುಕೊಂಡು ಬರುತ್ತಿದ್ದವನೊಬ್ಬನನ್ನು ಪೀಠದಿಂದ ಕೆಳಕ್ಕೆಳೆಯಿತು. ಅಲ್ಲಿಗೆ ಆ ಟೆಲಿಫೋನಿನ ಆಯುಷ್ಯ ಮುಗಿಯಿತು.

ಮುಂದೆ ಗ್ಲಾಸ್ಗೋ ನಗರದ ತಾಂತ್ರಿಕ ಕಾಲೇಜಿನಲ್ಲಿ ಓದಿದನು. ಅಲ್ಲಿ ಆತನ ಸಹಪಾಠಿಗಳಲ್ಲಿ ಜಾನ್ ರೀತ್ ಎಂಬೊಬ್ಬನಿದ್ದನು. ಮುಂದೆ ಬ್ರಿಟಿಷ್ ಬಾನುಲಿ ಸಂಸ್ಥೆಯಾದ ಬಿ.ಬಿ.ಸಿ.ಯ ಮುಖ್ಯಸ್ಥನಾಗಿ ಬೇರ್ಡನ ಹಾದಿಗೆ ಅಡ್ಡ ನಿಂತವನು ಈತನೇ; ವಿಧಿಯ ಆಟ ಎನ್ನಬೇಕು. ವಿಶ್ವವಿದ್ಯಾನಿಲಯದ ಪದವಿಗೆ ಓದುತ್ತಿದ್ದಾಗ 1914ರ ಮಹಾಯುದ್ಧ ಬಂದಿತು, ಓದು ನಿಂತಿತು. ಸೈನ್ಯಕ್ಕೆ ಸೇರಲು ಹೋದರೆ ದೇಹಪರೀಕ್ಷೆ ಮಾಡಿದವರು ಬೇಡವೆಂದರು. ವಿದ್ಯುತ್ ಕಂಪೆನಿಯೊಂದರಲ್ಲಿ ಎಂಜಿನಿಯರಾಗಿ ಸೇರಿದನು. ಮಳೆಯಲ್ಲಿ, ಇರುಳಿನಲ್ಲಿ, ಕೆಟ್ಟ ತಂತಿಗಳ ಬೆನ್ನು ಹತ್ತಿ ಓಡಾಡುವ ಕೆಲಸ. ಆಗ ಹೊಳೆದದ್ದು ವಜ್ರ ಮಾಡುವ ಯೋಚನೆ! ಇಂಗಾಲದ ಕಡ್ಡಿಯನ್ನು ಕಾಂಕ್ರೀಟಿನಲ್ಲಿ ಹುದುಗಿಸಿ, ಕಂಪೆನಿಯ ವಿದ್ಯುತ್ತನ್ನೇ ಭಾರಿ ಪ್ರಮಾಣದಲ್ಲಿ ಅದರೊಳಗೆ ಹಾಯಿಸಿದನು. ವಜ್ರ ಹುಟ್ಟಲಿಲ್ಲ, ನಗರದ ಒಂದು ಭಾಗದ ದೀಪಗಳು ಆರಿಹೋದವು. ನೌಕರಿಯ ದೀಪವೂ ಬಹುಕಾಲ ಉರಿಯಲಿಲ್ಲ.

ಅದೃಷ್ಟವಶಾತ್ ಅಷ್ಟರಲ್ಲಿ ಆತನಿಗೆ ಒಂದು ವ್ಯಾಪಾರ ಕೈಹತ್ತಿತ್ತು. ಆತನ ಪಾದಗಳು ಸದಾ ತಣ್ಣಗೆ ಕೊರೆಯುತ್ತಿದ್ದವು. ಔಷಧದ ಪುಡಿ ಹಚ್ಚಿದ ಒಳಗಾಲುಚೀಲವನ್ನು ಮಾಡಿ ಮಾರಿದನು. ಯುದ್ಧಕಾಲದಲ್ಲಿ ಅದು ಚೆನ್ನಾಗಿ ಬಿಕರಿಯಾಯಿತು. ಕೈಯಲ್ಲಿ ನಾಲ್ಕು ಕಾಸು ಕೂಡುತ್ತಲೇ ಬೆಚ್ಚನೆಯ ನಾಡನ್ನು ಅರಸಿ 1919ರಲ್ಲಿ ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪಕ್ಕೆ ಹೊರಟನು. ಹಣ್ಣು ಹೇರಳ, ಸಕ್ಕರೆ ಅಗ್ಗ. ಜಾಮ್ ಮಾಡಿ ಮಾರಿದರೆ ಲಕ್ಷಾಧೀಶನಾಗಬಹುದೆಂಬ ಲೆಕ್ಕ. ಆದರೆ ಕುದಿಯುವ ಪಾಕದ ಪರಿಮಳಕ್ಕೆ ಕಾಡಿನ ಹುಳುಹುಪ್ಪಟೆಗಳೆಲ್ಲ ದಂಡುಕಟ್ಟಿ ಬಂದು ಕೊಪ್ಪರಿಗೆಗೆ ಧುಮುಕಿದವು. ಜ್ವರ ಬೇರೆ ಹಿಡಿಯಿತು. ಮರುವರ್ಷವೇ ಹಿಂದಿರುಗಿ ಸಾಬೂನಿನ ವ್ಯಾಪಾರ ಹೂಡಿದನು. ಆರೋಗ್ಯ ಮತ್ತೆ ಕೈಕೊಟ್ಟಿತು. ಬೆಟ್ಟ ಅಗೆದು ಇಲಿ ಹಿಡಿದಂತಿದ್ದ ಈ ವರ್ಷಗಳನ್ನು ಚರಿತ್ರಕಾರರು ನಗೆಗಾಗಿ ಮಾತ್ರ ಹೇಳುತ್ತಾರೆ. ನನಗೆ ಅದು ಸರಿ ತೋರುವುದಿಲ್ಲ. ಕಾಲುಚೀಲವನ್ನು ಮಾರಿದವನಿಗೆ ಜನರ ಮುಂದೆ ಸರಕನ್ನು ಹೇಗೆ ಇಡಬೇಕೆಂಬುದು ತಿಳಿದಿತ್ತು. ಮುಂದೆ ಟೆಲಿವಿಷನ್ನಿನ ಹೆಸರು ಬೀದಿಬೀದಿಗೆ ಹಬ್ಬಲು ಆ ವಿದ್ಯೆಯೂ ಒಂದು ಕಾರಣವಾಯಿತು.

1923ರ ವೇಳೆಗೆ ಆತನು ಇಂಗ್ಲೆಂಡಿನ ತೆಂಕಣ ತೀರದ ಹೇಸ್ಟಿಂಗ್ಸ್ ಎಂಬ ಊರಿನಲ್ಲಿ, ಕಡಲ ಗಾಳಿಯನ್ನೇ ಮದ್ದೆಂದು ನಂಬಿಕೊಂಡು, ಕೆಲಸವಿಲ್ಲದೆ, ಹಣವಿಲ್ಲದೆ ಕುಳಿತಿದ್ದನು. ವಯಸ್ಸು 35. ಇಲ್ಲಿಯೇ ಆತನಿಗೆ ಹಳೆಯ ಕನಸೊಂದು ಮರಳಿ ಬಂದುದು: ಶಬ್ದವನ್ನು ದೂರಕ್ಕೆ ಕಳುಹಿಸಬಹುದಾದರೆ ದೃಶ್ಯವನ್ನೇಕೆ ಕಳುಹಿಸಬಾರದು? ಆ ವರ್ಷ ಜೂನ್ 27ರ ಟೈಮ್ಸ್ ಪತ್ರಿಕೆಯಲ್ಲಿ, ನಿಸ್ತಂತುವಿನ ಮೂಲಕ ನೋಡುವ ಯಂತ್ರವನ್ನು ಮಾಡಲು ನೆರವು ಬೇಕೆಂದು ಸಣ್ಣ ಜಾಹೀರಾತನ್ನು ಕೊಟ್ಟನು.

ಆ ಯಂತ್ರದ ಗುಟ್ಟನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಜರ್ಮನಿಯ ಪಾಲ್ ನಿಪ್ಕೋ ಎಂಬ ವಿದ್ಯಾರ್ಥಿ 1884ರಲ್ಲೇ ಒಂದು ಉಪಾಯವನ್ನು ಕಂಡಿದ್ದನು. ದುಂಡನೆಯ ತಟ್ಟೆಯೊಂದರ ಅಂಚಿನಲ್ಲಿ ಸುರುಳಿಯಾಕಾರದಲ್ಲಿ, ಒಂದರಿಂದೊಂದು ತುಸು ಒಳಕ್ಕೆ ಸರಿದಂತೆ, ಚಿಕ್ಕ ರಂಧ್ರಗಳನ್ನು ಕೊರೆಯಬೇಕು. ತಟ್ಟೆ ತಿರುಗಿದಾಗ ಪ್ರತಿ ರಂಧ್ರವೂ ದೃಶ್ಯದ ಮೇಲೆ ಒಂದೊಂದು ಗೆರೆಯನ್ನು ಸವರಿಕೊಂಡು ಹೋಗುತ್ತದೆ. ಮೂವತ್ತು ರಂಧ್ರಗಳಿದ್ದರೆ ಮೂವತ್ತು ಗೆರೆ. ಒಂದು ಸುತ್ತಿಗೆ ಒಂದು ಚಿತ್ರ. ರಂಧ್ರದ ಮೂಲಕ ಬಂದ ಬೆಳಕು ಹೆಚ್ಚು ಕಡಿಮೆಯಾದಂತೆ, ಬೆಳಕನ್ನರಿಯುವ ವಿದ್ಯುತ್ಕೋಶವೊಂದು ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುತ್ತದೆ. ಅತ್ತಣ ತುದಿಯಲ್ಲಿ ಅಂಥದೇ ತಟ್ಟೆ, ಅದೇ ವೇಗದಲ್ಲಿ, ಒಂದು ದೀಪದ ಮುಂದೆ ತಿರುಗಿದರೆ ಗೆರೆಗಳು ಮತ್ತೆ ಸಾಲಾಗಿ ಕೂಡಿ ಕಣ್ಣಿಗೆ ಚಿತ್ರವಾಗುತ್ತವೆ. ಉಪಾಯವೇನೋ ಸರಳ. ಆದರೆ ರಂಧ್ರದ ಮೂಲಕ ಬರುವ ಬೆಳಕು ಎಳ್ಳಿನಷ್ಟು. ಅದರಿಂದ ಹುಟ್ಟುವ ವಿದ್ಯುತ್ತು ಅದಕ್ಕೂ ಅಲ್ಪ. ನಿಪ್ಕೋವಿನ ಕಾಲದಲ್ಲಿ ಅದನ್ನು ಹಿಗ್ಗಿಸುವ ಸಾಧನವಿರಲಿಲ್ಲ. ಬಾನುಲಿಯ ಕವಾಟಗಳು ಬಂದ ಮೇಲೂ ನಿಜವಾದ ಮುಖವೊಂದನ್ನು ನೆರಳುಬೆಳಕುಗಳೊಡನೆ ಆಚೆ ಬದಿಗೆ ಕಾಣಿಸುವುದು ಯಾರ ಕೈಯಲ್ಲೂ ಆಗಿರಲಿಲ್ಲ.

ಬೇರ್ಡನ ಬಳಿ ಪ್ರಯೋಗಶಾಲೆ ಇರಲಿಲ್ಲ. ಚಹದ ಪೆಟ್ಟಿಗೆ ಮೋಟಾರಿಗೆ ಪೀಠವಾಯಿತು. ಟೋಪಿಯ ಡಬ್ಬಿಯ ರಟ್ಟು ತಟ್ಟೆಯಾಯಿತು. ಬಿಸ್ಕತ್ತಿನ ಡಬ್ಬಿ ದೀಪದ ಗೂಡಾಯಿತು. ಸೈಕಲ್ ದೀಪದ ಮಸೂರ, ಹೊಲಿಗೆಯ ಸೂಜಿ, ದಾರ, ಅರಗು—ಇವೆಲ್ಲ ಸೇರಿ ಯಂತ್ರವಾಯಿತು. 1924ರ ಮೊದಲ ತಿಂಗಳುಗಳಲ್ಲಿ ಕೆಲವೇ ಅಡಿಗಳ ದೂರಕ್ಕೆ ಒಂದು ಶಿಲುಬೆಯ ನೆರಳು ಹಾದುಹೋಯಿತು. ಬರಿಯ ನೆರಳು; ಆದರೂ ಅದು ಆ ಅರಗಿನ ಯಂತ್ರದಿಂದ ಬಂದದ್ದು. ಅದೇ ವರ್ಷ ಜುಲೈಯಲ್ಲಿ ಸಾವಿರ ವೋಲ್ಟಿಗೂ ಮಿಕ್ಕ ವಿದ್ಯುತ್ತು ತಗುಲಿ ಬೇರ್ಡನು ನೆಲಕ್ಕುರುಳಿದನು. ಕೈ ಸುಟ್ಟುದಷ್ಟೇ ಆಗಿ ಪ್ರಾಣ ಉಳಿಯಿತು. ಕೋಣೆಯ ಒಡೆಯನು ಇನ್ನು ಇಲ್ಲಿ ಇಂಥ ಆಟ ಬೇಡವೆಂದು ಬಿಡಿಸಿದನು. ಗಂಟುಮೂಟೆ ಕಟ್ಟಿ ಲಂಡನ್ನಿಗೆ ಬಂದು, ಸೋಹೋ ಎಂಬ ಗಜಿಬಿಜಿಯ ಕೇರಿಯ ಫ್ರಿತ್ ಬೀದಿಯ 22ನೆಯ ನಂಬರಿನ ಮನೆಯ ಮೇಲಟ್ಟದಲ್ಲಿ ಬಿಡಾರ ಮಾಡಿದನು.

1925ರ ಮಾರ್ಚಿಯಲ್ಲಿ ಸೆಲ್‌ಫ್ರಿಜ್ ಎಂಬ ದೊಡ್ಡ ಅಂಗಡಿಯವರು ತಮ್ಮ ಗಿರಾಕಿಗಳಿಗೆ ವಿನೋದವಾಗಲೆಂದು ಮೂರು ವಾರ ಆತನ ಯಂತ್ರವನ್ನು ಪ್ರದರ್ಶನಕ್ಕಿಟ್ಟರು. ಕೊಳ್ಳಲು ಬಂದ ಹೆಂಗಸರು ಸಾಲುನಿಂತು ಕಿಂಡಿಯಲ್ಲಿ ಇಣಿಕಿ ಅಲುಗಾಡುವ ನೆರಳುಗಳನ್ನು ನೋಡಿ ಹೋದರು. ಹಣ ಬಂದಿತು; ಆದರೆ ಆತನಿಗೆ ಬೇಕಾದದ್ದು ನೆರಳಲ್ಲ, ಮುಖ. ಕೋಶಕ್ಕೆ ಸಾಕಾಗುವಷ್ಟು ಬೆಳಕು ಬೇಕಾದರೆ ಮುಖದ ಮೇಲೆ ಉರಿಯುವ ದೀಪಗಳನ್ನು ಹಾಯಿಸಬೇಕು. ಆ ಶಾಖದಲ್ಲಿ ಮನುಷ್ಯ ಕೂರಲಾರ. ಅದಕ್ಕಾಗಿ ಮಾತನಾಡಿಸುವ ಆಟದ ಬೊಂಬೆಯೊಂದರ ತಲೆಯನ್ನು ತಂದು ಕೂರಿಸಿಕೊಂಡಿದ್ದನು. ಸ್ಟೂಕಿ ಬಿಲ್ ಎಂದು ಅದರ ಹೆಸರು. ಆ ವರ್ಷ ಅಕ್ಟೋಬರ್ 2ರಂದು ಬೊಂಬೆಯ ಮುಖ ಕಪ್ಪು ಬಿಳುಪಿನ ಮಚ್ಚೆಯಾಗಿರದೆ, ಕಣ್ಣು ಮೂಗು ಕೆನ್ನೆಗಳ ನಸುನೆರಳುಗಳೊಡನೆ ಆಚೆಯ ತೆರೆಯ ಮೇಲೆ ಮೂಡಿತು. ಬೇರ್ಡನು ಮಹಡಿಯ ಮೆಟ್ಟಿಲುಗಳನ್ನಿಳಿದು ಓಡಿ, ಕೆಳಗಿನ ಕಚೇರಿಯಲ್ಲಿದ್ದ ಟೇಂಟನ್ ಎಂಬ ಆಳುಹುಡುಗನನ್ನು ಎಳೆದು ತಂದು ದೀಪಗಳ ಮುಂದೆ ಕೂರಿಸಿದನು. ಓಡಿ ಈಚೆಗೆ ಬಂದು ನೋಡಿದರೆ ತೆರೆ ಬರಿದು; ಶಾಖಕ್ಕೆ ಹೆದರಿ ಹುಡುಗ ಹಿಂದೆ ಸರಿದಿದ್ದನು. ಕೈಗೆ ಚಿಲ್ಲರೆ ಕಾಸು ಕೊಟ್ಟು ಒಪ್ಪಿಸಿ ಮತ್ತೆ ಕೂರಿಸಿದ ಮೇಲೆ ಮುಖ ಕಂಡಿತು. ಟೆಲಿವಿಷನ್ನಿನಲ್ಲಿ ಹೀಗೆ ನೆರಳುಬೆಳಕುಗಳೊಡನೆ ಮೊದಲು ಮುಖ ತೋರಿದ ಮನುಷ್ಯ ಅರಸನಲ್ಲ, ನಟನಲ್ಲ. ಲಂಚ ಕೊಟ್ಟು ಕೂರಿಸಿದ ಕಚೇರಿಯ ಹುಡುಗ.

1926ರ ಜನವರಿ 26ರಂದು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸದಸ್ಯರು ಉಡುಪು ಧರಿಸಿ ಆ ಕಿರುಮೆಟ್ಟಿಲುಗಳನ್ನು ಹತ್ತಿ ಬಂದರು. ಅಟ್ಟದಲ್ಲಿ ಎಲ್ಲರಿಗೂ ಎಡೆಯಿರಲಿಲ್ಲ. ಕೆಲವರು ನೋಡಿ ಇಳಿದ ಮೇಲೆ ಉಳಿದವರು ಹತ್ತಬೇಕಾಯಿತು. ಬಂದವರಲ್ಲೊಬ್ಬ ಮುದುಕನ ನೀಳವಾದ ಬಿಳಿಯ ಗಡ್ಡ ತಿರುಗುವ ತಟ್ಟೆಗೆ ಸಿಕ್ಕಿಕೊಂಡುದನ್ನು ಬೇರ್ಡನು ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ಗಡ್ಡ ಸ್ವಲ್ಪ ಹೋದರೂ ಆ ಮಹನೀಯನ ಉತ್ಸಾಹ ಕುಂದಲಿಲ್ಲವಂತೆ.

ಇಲ್ಲಿಂದ ಮುಂದಿನ ಮೂರು ನಾಲ್ಕು ವರ್ಷಗಳು ಆತನ ಬಾಳಿನ ಬೆಳದಿಂಗಳು. 1927ರಲ್ಲಿ ಟೆಲಿಫೋನ್ ತಂತಿಯ ಮೂಲಕ ಲಂಡನ್ನಿನಿಂದ ಗ್ಲಾಸ್ಗೋವಿಗೆ, 438 ಮೈಲಿ, ಚಿತ್ರ ಹೋಯಿತು. 1928ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಸಾಗರವನ್ನೇ ದಾಟಿ ಅಮೆರಿಕವನ್ನು ಮುಟ್ಟಿತು. ಅದೇ ವರ್ಷ ಜುಲೈಯಲ್ಲಿ ಬಣ್ಣದ ಚಿತ್ರವನ್ನೂ ತೋರಿಸಿದನು. ಚಿತ್ರವನ್ನು ಗ್ರಾಮಫೋನ್ ತಟ್ಟೆಯ ಮೇಲೆ ಮುದ್ರಿಸಿಡಲೂ ಹವಣಿಸಿದನು. ಇದು ಸಾಧ್ಯವಾದದ್ದು ಮೂವತ್ತು ಗೆರೆಯ ಚಿತ್ರದ ಬಡತನದಿಂದಲೇ. ಆ ಚಿತ್ರದ ಸಂಕೇತ ಎಷ್ಟು ಕಿರಿದೆಂದರೆ ಹಾಡನ್ನು ಹೊರುವ ಬಾನುಲಿಯ ಅಲೆಯೇ ಅದನ್ನೂ ಹೊರಬಲ್ಲದು, ಹಾಡಿನ ತಟ್ಟೆಯ ಗೀರಿನಲ್ಲೇ ಅದು ಅಡಗಬಲ್ಲದು. ಕಿವಿಗೊಟ್ಟು ಕೇಳಿದರೆ ಜೀರುಂಡೆಯ ಕರ್ಕಶ ದನಿಯಂತಿರುತ್ತದೆ. ಆದರೆ ಮುದ್ರಿಸಿದ ಚಿತ್ರವನ್ನು ಚೊಕ್ಕಟವಾಗಿ ಮರಳಿ ಕಾಣಲು ಬೇರ್ಡನಿಂದ ಆಗಲಿಲ್ಲ. ತಟ್ಟೆಗಳನ್ನು ಬದಿಗಿಟ್ಟು ಬೇರೆ ಕೆಲಸಕ್ಕೆ ಹೊರಟನು. ಒಂದನ್ನು ಮುಗಿಸುವ ಮೊದಲೇ ಇನ್ನೊಂದಕ್ಕೆ ಕೈಹಾಕುವುದು ಆತನ ದೊಡ್ಡ ದೋಷ. ಎಲ್ಲಕ್ಕೂ ಕೈಹಾಕುವ ಧೈರ್ಯ ಆತನ ದೊಡ್ಡ ಗುಣ.

1929ರ ಸೆಪ್ಟೆಂಬರ್ 30ರಂದು, ರೀತನ ಸಂಸ್ಥೆಯು ಒಲ್ಲದ ಮನಸ್ಸಿನಿಂದಲೇ, ಬೇರ್ಡನ ಚಿತ್ರಗಳನ್ನು ಪ್ರಸಾರ ಮಾಡತೊಡಗಿತು. ಮೊದಲಿಗೆ ಪ್ರೇಷಕ ಯಂತ್ರ ಒಂದೇ. ಹಾಡುವವನ ಮುಖ ಮೊದಲು ಮೌನವಾಗಿ ಕಾಣಬೇಕು, ಆಮೇಲೆ ಮುಖವಿಲ್ಲದೆ ಹಾಡು ಕೇಳಬೇಕು! 1930ರ ಮಾರ್ಚ್ ಕೊನೆಯಲ್ಲಿ ಎರಡನೆಯ ಪ್ರೇಷಕ ಸಿಕ್ಕಿದ ಮೇಲೆ ದನಿ ರೂಪಗಳು ಜೊತೆಗೂಡಿದವು. ಆ ವರ್ಷವೇ ಟೆಲಿವೈಸರ್ ಅಂಗಡಿಗೆ ಬಂದಿತು. ಕೊಳ್ಳಲಾರದವರಿಗೆ ಬಿಡಿಭಾಗಗಳ ಕಟ್ಟನ್ನೂ ಮಾರಿದರು. 1928ರ ಮಾರ್ಚಿಯಿಂದಲೇ ಟೆಲಿವಿಷನ್ ಎಂಬ ಹೆಸರಿನ ಮಾಸಪತ್ರಿಕೆ ಹೊರಡುತ್ತಿತ್ತು. ಅದನ್ನೋದಿ ತಾವೇ ತಟ್ಟೆ ಕೊರೆದು, ಹಳೆಯ ಮೋಟಾರು ಹೂಡಿ, ಅಡುಗೆಮನೆಯ ಮೇಜಿನ ಮೇಲೆ ಯಂತ್ರ ಕಟ್ಟಿದ ಹವ್ಯಾಸಿಗಳಿದ್ದರು. ಪ್ರಧಾನಮಂತ್ರಿ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡನ ಮನೆಗೂ ಒಂದು ಟೆಲಿವೈಸರ್ ಹೋಯಿತು. ಆ ಜುಲೈ 14ರಂದು ಪಿರಾಂಡೆಲೋನ ಒಂದು ಕಿರುನಾಟಕವನ್ನು ಆ ಕಿಂಡಿಯಲ್ಲಿ ನೋಡಿದವರಲ್ಲಿ ಅವನೂ ಒಬ್ಬ. 1931ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ಬೇರ್ಡನು ಮಾರ್ಗರೆಟ್ ಆಲ್ಬು ಎಂಬ ಪಿಯಾನೋವಾದಕಿಯನ್ನು ಮದುವೆಯಾದನು. ಅವರಿಗೆ ಒಬ್ಬ ಮಗಳು, ಒಬ್ಬ ಮಗ.

ಅಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ತಟ್ಟೆಯಿಲ್ಲದೆ, ಮೋಟಾರಿಲ್ಲದೆ, ಗಾಜಿನ ಕೊಳವೆಯೊಳಗೆ ಎಲೆಕ್ಟ್ರಾನುಗಳ ಕಿರಣವನ್ನೇ ಕುಂಚದಂತೆ ಆಡಿಸಿ ಚಿತ್ರ ಬರೆಯುವ ವಿದ್ಯೆ ಬೆಳೆಯುತ್ತಿತ್ತು. ಅಮೆರಿಕದಲ್ಲಿ ಫಾರ್ನ್ಸ್‌ವರ್ತ್ ಎಂಬ ತರುಣ 1927ರಲ್ಲೇ ಅಂಥ ಪ್ರಯೋಗದಲ್ಲಿ ಗೆದ್ದಿದ್ದನು. ಬೇರ್ಡನನ್ನು ಟೆಲಿವಿಷನ್ನಿನ ಜನಕ ಎನ್ನುವವರೂ, ಆತನು ಕುರುಡುದಾರಿ ಹಿಡಿದವನೆಂದು ಮೂಗು ಮುರಿಯುವವರೂ ಇಂದಿಗೂ ಇದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಎರಡು ಮಾತೂ ಅರ್ಧ ಸತ್ಯ. ಚಕ್ರದ ದಾರಿ ಮುಂದೆ ಹೋಗುವಂಥದಲ್ಲ ಎಂಬುದು ದಿಟ. ಆದರೆ ದೂರದ ಮುಖವನ್ನು ಮನೆಯಲ್ಲಿ ಕುಳಿತು ಕಾಣಬಹುದೆಂದು ಲೋಕವನ್ನು ನಂಬಿಸಿದವನು ಆ ಚಕ್ರದವನೇ.

1935ರ ಸೆಪ್ಟೆಂಬರ್ 11ರಂದು ಮೂವತ್ತು ಗೆರೆಯ ಪ್ರಸಾರ ನಿಂತಿತು. ಮನೆಮನೆಯ ಟೆಲಿವೈಸರುಗಳು ಒಂದೇ ಇರುಳಿನಲ್ಲಿ ಕುರುಡಾದವು. 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಹೊಸ ಪ್ರಸಾರ ಆರಂಭವಾಯಿತು. ಬೇರ್ಡನ ಕಂಪೆನಿಯ 240 ಗೆರೆಯ ಪದ್ಧತಿಗೂ ಮಾರ್ಕೋನಿ-ಇ.ಎಂ.ಐ. ಕಂಪೆನಿಯ 405 ಗೆರೆಯ ಪದ್ಧತಿಗೂ ಸರದಿ. ಬೇರ್ಡನ ಕಡೆಯವರು ದೃಶ್ಯವನ್ನು ಮೊದಲು ಫಿಲ್ಮಿನಲ್ಲಿ ಹಿಡಿದು, ವಿಷದ್ರಾವಣದಲ್ಲಿ ತೊಳೆದು, ಒದ್ದೆಯಾಗಿರುವಾಗಲೇ ಒಂದು ನಿಮಿಷದೊಳಗೆ ಯಂತ್ರಕ್ಕೆ ಹಾಯಿಸುತ್ತಿದ್ದರು. ಎದುರಾಳಿಯ ಕ್ಯಾಮೆರಾ ಎಲ್ಲಿ ಬೇಕಾದರೂ ಹೋಗುತ್ತಿತ್ತು. ಇವರದು ಗೋಡೆಯ ಹಿಂದಿನಿಂದ ಕದಲುವಂತಿರಲಿಲ್ಲ. ಆ ತಿಂಗಳು ಮುಗಿಯುವ ಮೊದಲೇ, ನವೆಂಬರ್ 30ರ ರಾತ್ರಿ, ಬೇರ್ಡನ ಪ್ರಯೋಗಶಾಲೆಗಳಿದ್ದ ಕ್ರಿಸ್ಟಲ್ ಪ್ಯಾಲೇಸಿಗೆ ಬೆಂಕಿ ಬಿದ್ದಿತು. ಗಾಜಿನ ಆ ಮಹಾಸೌಧ ಉರಿದು ಬಿದ್ದುದರೊಡನೆ ವರ್ಷಗಳ ಕೆಲಸವೂ ಉಪಕರಣಗಳೂ ಬೂದಿಯಾದವು. 1937ರ ಜನವರಿ ಕೊನೆಗೆ ಆತನ ಪದ್ಧತಿಯ ಪ್ರಸಾರವೂ ಮುಗಿಯಿತು. ಎರಡು ವರ್ಷ ಕಳೆದು ಯುದ್ಧ ಬಂದಾಗ ಟೆಲಿವಿಷನ್ನೇ ನಿಂತಿತು. ಕಂಪೆನಿಯೂ ಸಾಲಗಾರರ ಪಾಲಾಯಿತು.

ಬೇರೊಬ್ಬನಾಗಿದ್ದರೆ ಇಲ್ಲಿಗೆ ಕೈಚೆಲ್ಲುತ್ತಿದ್ದನು. ಬೇರ್ಡನು ಸಿಡನ್‌ಹ್ಯಾಮಿನ ತನ್ನ ಮನೆಯಲ್ಲಿ, ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲಿ, ಉಳಿದಿದ್ದ ಸ್ವಂತ ಹಣವನ್ನು ಹಾಕಿ ಒಬ್ಬಿಬ್ಬರು ಸಹಾಯಕರೊಡನೆ ಕೆಲಸ ಮುಂದುವರಿಸಿದನು. ಎಷ್ಟು ದಿನ ಚಕ್ರವನ್ನೇ ನೆಚ್ಚಿದ್ದನೋ ಅದನ್ನು ತೊರೆದು, 1944ರ ಆಗಸ್ಟ್ 16ರಂದು ಬಣ್ಣದ ಚಿತ್ರವನ್ನು ತೋರುವ ಎಲೆಕ್ಟ್ರಾನ್ ಕೊಳವೆಯೊಂದನ್ನು ಪತ್ರಿಕೆಯವರ ಮುಂದಿಟ್ಟನು. ಚಕ್ರವಿಲ್ಲ, ಮೋಟಾರಿಲ್ಲ. ಆತನು ಹಳೆಯದಕ್ಕೆ ಅಂಟಿಕೊಂಡ ಹಟಮಾರಿ ಎನ್ನುವವರು ಈ ಕೊಳವೆಯನ್ನು ಮರೆಯುತ್ತಾರೆ. ಆದರೆ ಮೈ ಸೋತಿತ್ತು. 1946ರ ಫೆಬ್ರವರಿಯಲ್ಲಿ ಪಾರ್ಶ್ವವಾಯು ಬಡಿಯಿತು. ಜೂನ್ 7ರಂದು ಯುದ್ಧಾನಂತರದ ಟೆಲಿವಿಷನ್ ಮತ್ತೆ ಆರಂಭವಾಯಿತು; ಒಂದು ವಾರದ ಮೇಲೆ, ಜೂನ್ 14ರಂದು, ಬೆಕ್ಸ್‌ಹಿಲ್ ಎಂಬ ಕಡಲೂರಿನಲ್ಲಿ ಬೇರ್ಡನು ತೀರಿಕೊಂಡನು. ವಯಸ್ಸು 57. ಹೆಲೆನ್ಸ್‌ಬರೋವಿನಲ್ಲಿ ಮಣ್ಣಾದನು.

ಇನ್ನು ಆತನ ಪೆಟ್ಟಿಗೆಯ ಮಾತು. ಯುದ್ಧಕ್ಕೆ ಮುಂಚಿನ 405 ಗೆರೆಯ ಪೆಟ್ಟಿಗೆಗಳನ್ನು ಕಾಪಾಡುವುದು ಬಲು ಕಷ್ಟದ ಕೆಲಸ. ಅವುಗಳ ಚಿತ್ರನಳಿಗೆಯೊಳಗೆ ಗಾಳಿ ಸೇರಿದರೆ, ಇಲ್ಲವೆ ಅದರ ಉಸಿರಾದ ಎಲೆಕ್ಟ್ರಾನ್ ಬತ್ತಿದರೆ, ಮನೆಯಲ್ಲಿ ಕುಳಿತು ಹೊಸದನ್ನು ಮಾಡಲಾಗದು. ಮೇಣಗಾಗದದ ಕಂಡೆನ್ಸರುಗಳು ವಯಸ್ಸಾದಂತೆ ಸೋರುತ್ತವೆ. ರಬ್ಬರಿನ ಹೊದಿಕೆ ಪುಡಿಯಾಗಿ ತಂತಿಗೆ ತಂತಿ ತಗಲುತ್ತದೆ. ಬಹುಕಾಲ ಮಲಗಿದ್ದ ಪೆಟ್ಟಿಗೆಗೆ ಒಮ್ಮೆಲೇ ಪೂರ್ಣ ವಿದ್ಯುತ್ತನ್ನು ಕೊಟ್ಟರೆ ಹೊಗೆಯೇ ಫಲ. ಉಪವಾಸವಿದ್ದವನಿಗೆ ಗಂಜಿ ಕೊಡುವಂತೆ ಹನಿಹನಿಯಾಗಿ ಏರಿಸಬೇಕು. ಹೊಸ ಕಂಡೆನ್ಸರನ್ನು ಹಳೆಯದರ ಸಿಪ್ಪೆಯೊಳಗೇ ಅಡಗಿಸಿ, ನೋಟಕ್ಕೆ ಏನೂ ಬದಲಾಗದಂತೆ ಕೂರಿಸುವ ನಿಷ್ಠಾವಂತರಿದ್ದಾರೆ. ಇವೆಲ್ಲಕ್ಕೂ ಮೇಲಾಗಿ ಪ್ರಾಣಭಯ. ಆ ಪೆಟ್ಟಿಗೆಗಳಲ್ಲಿ ಹಲವು ಸಾವಿರ ವೋಲ್ಟುಗಳನ್ನು ಮನೆಯ ವಿದ್ಯುತ್ತಿನಿಂದ ನೇರವಾಗಿ ಟ್ರಾನ್ಸ್‌ಫಾರ್ಮರಿನಿಂದಲೇ ಏರಿಸಿಕೊಳ್ಳುತ್ತಿದ್ದರು; ಕೈ ತಪ್ಪಿದರೆ ಎರಡನೆಯ ಅವಕಾಶವಿಲ್ಲ. ಬ್ರಿಟನ್ನಿನಲ್ಲಿ 405 ಗೆರೆಯ ಪ್ರಸಾರ 1985ರ ಜನವರಿಯಲ್ಲಿ ಮುಗಿದುದರಿಂದ, ಇಂದಿನ ಚಿತ್ರವನ್ನು ಹಳೆಯ ಗೆರೆಗಳಿಗೆ ಇಳಿಸಿಕೊಡುವ ಯಂತ್ರವೂ ಬೇಕು. ನಮ್ಮ ನಾಡಿನ ಅಟ್ಟಗಳ ಮೇಲೆ ಮಲಗಿರುವ ಹಳೆಯ ಕಪ್ಪುಬಿಳುಪು ಪೆಟ್ಟಿಗೆಗಳೂ ಈ ಕೊಳವೆಯ ವಂಶದವೇ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರಿನಲ್ಲಿ ಆರಂಭವಾದಾಗ ಚಿತ್ರಕ್ಕೆ 625 ಗೆರೆ. ಚಕ್ರದ ಕಾಲ ಕಳೆದು ನಾಲ್ಕೂವರೆ ದಶಕಗಳಾಗಿದ್ದವು.

ಸೋತ ಬೇರ್ಡನ ಪೆಟ್ಟಿಗೆಯೋ, ಗೆದ್ದವರ ಪೆಟ್ಟಿಗೆಗಳಿಗಿಂತ ಗಟ್ಟಿಜೀವ. ಅದರಲ್ಲಿ ಇರುವುದೇನು? ಇಪ್ಪತ್ತು ಅಂಗುಲದ ಒಂದು ಅಲ್ಯೂಮಿನಿಯಂ ತಟ್ಟೆ, ಮೂವತ್ತು ರಂಧ್ರ, ಒಂದು ಮೋಟಾರು, ಒಂದು ನಿಯಾನ್ ದೀಪ, ವೇಗವನ್ನು ಹದದಲ್ಲಿಡುವ ಮೂವತ್ತು ಹಲ್ಲಿನ ಸಣ್ಣ ಚಕ್ರ. ತಟ್ಟೆ ಬಾಗಿದ್ದರೆ ನೆಟ್ಟಗೆ ಮಾಡಬಹುದು. ಮೋಟಾರಿಗೆ ಎಣ್ಣೆ ಹಾಕಬಹುದು. ದೀಪ ಹೋದರೆ ಬೇರೆ ದೀಪ. ತಟ್ಟೆ ನಿಮಿಷಕ್ಕೆ 750 ಸುತ್ತು ತಿರುಗಬೇಕು. ತುಸು ಹೆಚ್ಚು ಕಡಿಮೆಯಾದರೆ ಮುಖ ಮೇಲಕ್ಕೋ ಕೆಳಕ್ಕೋ ಜಾರಿಹೋಗುತ್ತದೆ. ಗುಂಡಿಯ ಮೇಲೆ ಕೈಯಿಟ್ಟು, ಜಾರುವ ಮುಖವನ್ನು ಹಿಡಿದು ನಿಲ್ಲಿಸುವುದೇ ಒಂದು ಕಲೆ. ಎರಡಂಗುಲ ಎತ್ತರ, ಒಂದಂಗುಲಕ್ಕೂ ಕಡಿಮೆ ಅಗಲದ ಚಿತ್ರ, ಮುಂದಿನ ಭೂತಗನ್ನಡಿಯಿಂದ ಹಿಗ್ಗಿ, ಕೆಂಡದ ಬಣ್ಣದಲ್ಲಿ ನಡುಗುತ್ತ ಕಾಣುತ್ತದೆ. ಪ್ರಸಾರ ಎಲ್ಲಿಂದ ಬರಬೇಕು ಎನ್ನುವಿರಾ? ಹಾಡಿನ ಗೀರಿನಲ್ಲಿ ಅಡಗುವಷ್ಟು ಕಿರಿದಾದ ಸಂಕೇತವಲ್ಲವೆ? ಹಾಡು ನುಡಿಸುವ ಯಾವ ಯಂತ್ರದಿಂದಾದರೂ ಅದನ್ನು ಕೊಡಬಹುದು. 1975ರಲ್ಲಿ ಇಂಗ್ಲೆಂಡಿನಲ್ಲಿ ಈ ಕಿರುಚಿತ್ರದ ಹವ್ಯಾಸಿಗಳು ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಗೆರೆ ಮೂವತ್ತಕ್ಕೆ ಬದಲು ಮೂವತ್ತೆರಡು ಮಾಡಿಕೊಂಡು, ರಟ್ಟು ತಗಡುಗಳಿಂದ ಹೊಸ ತಟ್ಟೆಗಳನ್ನು ಕೊರೆಯುತ್ತ, ಹೇಸ್ಟಿಂಗ್ಸಿನ ಕೋಣೆಯ ಕೆಲಸವನ್ನೇ ತಮ್ಮ ತಮ್ಮ ಮನೆಗಳಲ್ಲಿ ಮುಂದುವರಿಸಿದರು.

ಬೇರ್ಡನು ಕೈಬಿಟ್ಟಿದ್ದ ಗ್ರಾಮಫೋನ್ ತಟ್ಟೆಗಳಲ್ಲಿ ಕೆಲವು ಬೆಂಕಿಗೂ ಬಾಂಬಿಗೂ ಸಿಕ್ಕದೆ ಉಳಿದಿದ್ದವು. 1980ರ ದಶಕದಲ್ಲಿ ಡೊನಾಲ್ಡ್ ಮೆಕ್ಲೀನ್ ಎಂಬ ಎಂಜಿನಿಯರು ಅವುಗಳನ್ನು ಕಂಪ್ಯೂಟರಿಗೆ ಉಣಿಸಿ, ಯಂತ್ರದ ನಡುಕದಿಂದ ಬಂದ ಕೊಳೆಯನ್ನು ತೊಳೆದು ನೋಡಿದನು. ಸ್ಟೂಕಿ ಬಿಲ್ಲನ ಬೊಂಬೆಮುಖ ಬಂದಿತು. 1928ರ ಮಾರ್ಚ್ 28ರ ತಟ್ಟೆಯಿಂದ ಪೌನ್ಸ್‌ಫರ್ಡ್ ಎಂಬ ಹೆಣ್ಣುಮಗಳ ಮುಖ ಬಂದಿತು. ಅತ್ತಿತ್ತ ತಿರುಗುತ್ತಾಳೆ, ತಲೆಯಾಡಿಸುತ್ತಾಳೆ. ಬೇರ್ಡನು ಮುದ್ರಿಸಿದ್ದ, ಆದರೆ ಇಷ್ಟು ಸ್ಪಷ್ಟವಾಗಿ ಆತನು ಅವಳನ್ನು ಆ ತಟ್ಟೆಯಿಂದ ಕಾಣಲೇ ಇಲ್ಲ.

ಇನ್ನೊಂದು ತಟ್ಟೆ ಬೇರ್ಡನದೂ ಅಲ್ಲ, ಪ್ರಸಾರ ಸಂಸ್ಥೆಯದೂ ಅಲ್ಲ. 1933ರ ಏಪ್ರಿಲಿನಲ್ಲಿ ಲಂಡನ್ನಿನಿಂದ ನೃತ್ಯಗೀತಗಳ ಒಂದು ಕಾರ್ಯಕ್ರಮ ಮೂವತ್ತು ಗೆರೆಗಳಲ್ಲಿ ಪ್ರಸಾರವಾಯಿತು. ಎಲ್ಲಿಯೋ ಒಬ್ಬ ಹವ್ಯಾಸಿ ತನ್ನ ಮನೆಯಲ್ಲಿ, ದನಿ ಮುದ್ರಿಸಿಕೊಳ್ಳಲು ಮಾರುತ್ತಿದ್ದ ಅಗ್ಗದ ಸಿಲ್ವಟೋನ್ ಎಂಬ ಅಲ್ಯೂಮಿನಿಯಂ ತಟ್ಟೆಯ ಮೇಲೆ, ಬಾನುಲಿಯಿಂದ ಬರುತ್ತಿದ್ದ ಆ ಜೀರುಂಡೆಯ ದನಿಯನ್ನು ಹಿಡಿದಿಟ್ಟನು. ತಟ್ಟೆ ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ಯಾರ ಕಣ್ಣಿಗೂ ಬೀಳದೆ ಇದ್ದು 1996ರಲ್ಲಿ ಹೊರಗೆ ಬಂದಿತು. ಕೆಲವೇ ನಿಮಿಷಗಳ ಚಿತ್ರ. ಕುಣಿಯುವ ಹುಡುಗಿಯರು ಸಾಲಾಗಿ ಬರುತ್ತಾರೆ, ಕಾಲು ಎತ್ತುತ್ತಾರೆ, ಮೂವತ್ತು ಗೆರೆಗಳೊಳಗೆ ತೊಡೆ ಮೊಣಕಾಲುಗಳು ಬೆರೆತು ಹೊಳೆದು, ಸಾಲು ಹೊರಕ್ಕೆ ಸರಿಯುತ್ತದೆ.